ನಮ್ಮ ಎಂಪಿ ಕಚೇರಿ ಮತ್ತು ಅವರ ತಿಂಗಳ ಪುಸ್ತಕ: ಎದುರಿನ ಜೆರಾಕ್ಸ್ ಅಂಗಡಿಯವಳ ವಿಮರ್ಶೆ

ಪ್ರತಿ ತಿಂಗಳ ಮೊದಲ ವಾರ ನಮ್ಮ ಸಂಸದರ ‘ಕಾರ್ಯವರದಿ’ ಅಂಗಡಿಗೆ ಬಂದು ಬೀಳುತ್ತದೆ. ಹದಿನಾರು ಪುಟ, ಆರ್ಟ್ ಪೇಪರ್, ಪೂರ್ತಿ ಕಲರ್ ಪ್ರಿಂಟ್, ಮಧ್ಯೆ ಎರಡು ಪಿನ್ನು. ಕಾಗದದ ರೇಟು ಗೊತ್ತಿರುವ ನನಗೆ ಮೊದಲು ಕಣ್ಣಿಗೆ ಬೀಳುವುದೇ ಅದು. ಜೆರಾಕ್ಸಿಗೆ ಬಂದವರು ಕಾಯುವಾಗ ತಿರುವಿ ಹಾಕಲಿ ಅಂತ ಒಂದು ಕಟ್ಟನ್ನು ಕೌಂಟರ್ ಮೇಲೆ ಇಟ್ಟು ಹೋಗುತ್ತಾರೆ. ನನ್ನ ಅಂಗಡಿ ಇರುವುದು ಅವರ ಸಂಪರ್ಕ ಕಚೇರಿಯ ಎದುರಿಗೇ. ಅರ್ಜಿ ಟೈಪಿಂಗ್, ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್. ಆ ಕಚೇರಿಗೆ ಹೋಗುವ ಬಹಳಷ್ಟು ಜನ ನನ್ನ ಅಂಗಡಿ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ.

ಹಾಗಾಗಿ ವಿಮರ್ಶೆ ಎರಡಕ್ಕೂ ಸೇರಿ. ಕಚೇರಿಗೆ ಐದಕ್ಕೆ ನಾಲ್ಕು. ಪುಸ್ತಕಕ್ಕೆ ಎರಡು, ಅದರಲ್ಲಿ ಒಂದು ಕಾಗದಕ್ಕೆ. ಎಂಪಿ ಹೆಸರು, ಪಕ್ಷ, ಊರು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಷಟರ್ ಎತ್ತಿದರೆ ಅವರ ಬೋರ್ಡನ್ನೇ ನೋಡಬೇಕು. ಅಲ್ಲದೆ ಪಕ್ಷ ಹೇಳಿದ ಕೂಡಲೇ ಅರ್ಧ ಜನ ಓದುವುದು ನಿಲ್ಲಿಸುತ್ತಾರೆ, ಇನ್ನರ್ಧ ಜನ ಓದದೆಯೇ ಹೊಗಳುತ್ತಾರೆ.

ಮೊದಲು ಕಚೇರಿ. ಸಾಹೇಬರು ಊರಲ್ಲಿರಲಿ, ದೆಹಲಿಯಲ್ಲಿರಲಿ, ಹತ್ತೂವರೆಗೆ ಬಾಗಿಲು ತೆಗೆದಿರುತ್ತದೆ. ಒಬ್ಬರು ಪಿಎ, ಒಬ್ಬ ಟೈಪಿಸ್ಟ್ ಹುಡುಗ. ಒಂದು ಲೋಕಸಭಾ ಕ್ಷೇತ್ರ ಅಂದರೆ ನಮ್ಮ ರಾಜ್ಯದಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಸೇರಿದ್ದು. ಅಷ್ಟು ಜನಕ್ಕೆ ಈ ಎರಡು ಕುರ್ಚಿ. ಬರುವವರು ಎಲ್ಲವನ್ನೂ ಹೊತ್ತು ತರುತ್ತಾರೆ. ಚರಂಡಿ ಕಟ್ಟಿದೆ, ವೃದ್ಧಾಪ್ಯ ವೇತನ ನಿಂತಿದೆ, ರೇಷನ್ ಕಾರ್ಡಿನಲ್ಲಿ ಸೊಸೆ ಹೆಸರು ಸೇರಿಲ್ಲ. ಇದ್ಯಾವುದೂ ಎಂಪಿ ಕೆಲಸ ಅಲ್ಲ. ಆದರೆ ಪಿಎ ‘ನಮಗೆ ಬರಲ್ಲ ಹೋಗಿ’ ಅನ್ನುವುದಿಲ್ಲ. ಒಂದು ಚೀಟಿಯಲ್ಲಿ ಯಾವ ಕಚೇರಿ, ಯಾರನ್ನು ಕೇಳಬೇಕು ಅಂತ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಜನ ನನ್ನ ಹತ್ತಿರ ಬರುತ್ತಾರೆ, ಅರ್ಜಿ ಟೈಪ್ ಮಾಡಿಸಲು. ನನಗೆ ವ್ಯಾಪಾರ, ಅವರಿಗೆ ದಾರಿ.

ನಿಜವಾಗಿ ಆ ಮೇಜಿನ ಮೇಲೆ ಬರಬೇಕಾದದ್ದು ಕೇಂದ್ರ ಸರ್ಕಾರದ ವಿಷಯಗಳು. ರೈಲು, ಅಂಚೆ, ಪಿಎಫ್, ಪಾಸ್‌ಪೋರ್ಟ್, ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಿನ ಪರಿಹಾರ. ಮೊದಲೆಲ್ಲ ಏಪ್ರಿಲ್ ಬಂತೆಂದರೆ ಕೇಂದ್ರೀಯ ವಿದ್ಯಾಲಯದ ಸೀಟಿಗೆ ಗೇಟಿನ ತನಕ ಜನ. ಒಬ್ಬೊಬ್ಬ ಎಂಪಿಗೆ ವರ್ಷಕ್ಕೆ ಹತ್ತು ಮಕ್ಕಳ ಕೋಟಾ ಇತ್ತು. 2022ರಲ್ಲಿ ಅದನ್ನು ತೆಗೆದುಹಾಕಿದರು. ಪಿಎ ಮುಖದಲ್ಲಿ ನೆಮ್ಮದಿ ನೋಡಿದ್ದು ಆ ವರ್ಷವೇ. ಹತ್ತು ಸೀಟಿಗೆ ನೂರಾರು ಜನರನ್ನು ಸಮಾಧಾನ ಮಾಡುವ ಕಷ್ಟ ಅವರಿಗೇ ಗೊತ್ತು.

ಈಗ ಜಾಸ್ತಿ ಬರುವುದು ಎರಡು ಪತ್ರಕ್ಕೆ. ಒಂದು ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಶಿಫಾರಸು, ದೊಡ್ಡ ಕಾಯಿಲೆಯ ಚಿಕಿತ್ಸೆಗೆ. ಇನ್ನೊಂದು ರೈಲಿನ ಎಮರ್ಜೆನ್ಸಿ ಕೋಟಾ, ವೇಟಿಂಗ್ ಲಿಸ್ಟಿನಲ್ಲಿ ಸಿಕ್ಕಿಕೊಂಡವರಿಗೆ ಸೀಟು ಕೊಡಿ ಅಂತ.

ಮೊದಲಿನದನ್ನು ಹತ್ತಿರದಿಂದ ನೋಡಿದ್ದೇನೆ. ಒಬ್ಬ ಹುಡುಗಿ ಅಪ್ಪನ ಕ್ಯಾನ್ಸರ್ ಚಿಕಿತ್ಸೆಗೆ ಅಂತ ಕಾಗದ ತಂದಿದ್ದಳು. ಜೆರಾಕ್ಸ್ ಮಾಡುತ್ತಾ ನಾನೇ ನೋಡಿದೆ: ರೇಷನ್ ಕಾರ್ಡ್ ಇದೆ, ಆದಾಯ ಪ್ರಮಾಣಪತ್ರ ಇದೆ, ಎರಡು ಫೋಟೋ ಇದೆ, ಆಸ್ಪತ್ರೆಯವರು ಕೊಟ್ಟ ಖರ್ಚಿನ ಅಂದಾಜಿನಲ್ಲಿ ಮಾತ್ರ ಸೀಲ್ ಇಲ್ಲ. ಬೇರೆ ಕಚೇರಿಯಾಗಿದ್ದರೆ ಅವಳನ್ನು ಬೆಂಗಳೂರಿಗೆ ವಾಪಸ್ ಓಡಿಸುತ್ತಿದ್ದರು. ಪಿಎ ಅಲ್ಲೇ ಕೂತು ಆಸ್ಪತ್ರೆಗೆ ಫೋನ್ ಹಚ್ಚಿದರು. ಲೈನ್ ಮೇಲೆ ಕಾಯುವಾಗ ಅವಳನ್ನು ಕೇಳಿದರು, ‘ಊಟ ಆಯ್ತೇನಮ್ಮಾ?’ ಆಸ್ಪತ್ರೆಯವರು ಸೀಲ್ ಹಾಕಿ ಮೇಲ್ ಮಾಡಿದರು, ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದೆ. ಸಂಜೆಯೊಳಗೆ ಪತ್ರ ರೆಡಿ. ಮಂಜೂರಾದರೆ ದುಡ್ಡು ನೇರ ಆಸ್ಪತ್ರೆಗೇ ಹೋಗುತ್ತದೆ, ಪೂರ್ತಿ ಖರ್ಚು ಸಿಗುವ ಭರವಸೆ ಇಲ್ಲ, ಅದನ್ನೂ ಅವರು ಮೊದಲೇ ಬಿಡಿಸಿ ಹೇಳಿದರು. ಆಸೆ ಹುಟ್ಟಿಸಿ ಕಳಿಸಲಿಲ್ಲ. ನಾಲ್ಕು ಸ್ಟಾರಿನಲ್ಲಿ ಮೂರು ಆ ಮಧ್ಯಾಹ್ನಕ್ಕೇ.

ಐದನೆಯದನ್ನು ಯಾಕೆ ಕೊಡಲಿಲ್ಲ ಅಂದರೆ, ಅಲ್ಲಿ ಸ್ವೀಕೃತಿ ಕೊಡುವುದಿಲ್ಲ. ತಾಲ್ಲೂಕು ಆಫೀಸಿನಲ್ಲಿ ಅರ್ಜಿ ಕೊಟ್ಟರೂ ಒಂದು ಟಪಾಲ್ ನಂಬರ್ ಸಿಗುತ್ತದೆ. ಇಲ್ಲಿ ಕೊಟ್ಟ ಅರ್ಜಿ ಪಿಎ ನೆನಪಿನಲ್ಲಿ ಇರುತ್ತದೆ, ಅಷ್ಟೇ. ಅವರ ನೆನಪು ಚೆನ್ನಾಗಿದೆ, ನಿಜ. ಅವರು ರಜೆ ಹಾಕಿದ ವಾರ ಕಚೇರಿಗೇ ಮರೆವು.

ಇನ್ನು ಪುಸ್ತಕ. ಮೇಲೆ ಹೇಳಿದ್ದರಲ್ಲಿ ಒಂದು ಸಾಲೂ ಅದರಲ್ಲಿ ಇಲ್ಲ! ಈ ತಿಂಗಳು ಎಷ್ಟು ಜನಕ್ಕೆ ಚಿಕಿತ್ಸೆಯ ಪತ್ರ ಕೊಟ್ಟರು, ಎಷ್ಟಕ್ಕೆ ಮಂಜೂರಾತಿ ಬಂತು, ಯಾರದ್ದು ಬಾಕಿ, ಏನೂ ಇಲ್ಲ. ಇರುವುದು ಫೋಟೋ. ದೀಪ ಬೆಳಗಿದ್ದು, ಗುದ್ದಲಿ ಪೂಜೆ, ಶಾಲು, ಹಾರ, ಮತ್ತೆ ಗುದ್ದಲಿ ಪೂಜೆ. ಗುದ್ದಲಿ ಹಿಡಿದವರ ಇಸ್ತ್ರಿ ಅಂಗಿಗೆ ಒಂದು ಚೂರು ಮಣ್ಣು ಹತ್ತಿರುವುದಿಲ್ಲ, ನೋಡಿದ್ದೀರಾ?

ನಾಲ್ಕನೇ ಪುಟಕ್ಕೆ ‘ಸಂಸತ್ತಿನಲ್ಲಿ ನಮ್ಮ ಧ್ವನಿ’ ಅಂತ ಹೆಸರು. ಪ್ರತಿ ತಿಂಗಳೂ ಇರುತ್ತದೆ. ಆದರೆ ಸಂಸತ್ತು ಪ್ರತಿ ತಿಂಗಳೂ ಇರುವುದಿಲ್ಲವಲ್ಲ. ಬಜೆಟ್, ಮುಂಗಾರು, ಚಳಿಗಾಲ, ಹೀಗೆ ಸಾಮಾನ್ಯವಾಗಿ ವರ್ಷಕ್ಕೆ ಮೂರು ಅಧಿವೇಶನ. ಕಳೆದ ಲೋಕಸಭೆ, ಅಂದರೆ 17ನೆಯದು, ಐದು ವರ್ಷದಲ್ಲಿ ಕೂತಿದ್ದು 274 ದಿನ. ವರ್ಷಕ್ಕೆ ಸರಾಸರಿ 55 ದಿನ ಅನ್ನಿ. ಮೇ ತಿಂಗಳ ಪುಸ್ತಕದಲ್ಲಿ ಆ ಪುಟ ತುಂಬಿಸಲು ಹಳೇ ಫೋಟೋ ಹಾಕುತ್ತಾರೆ. ಹಿನ್ನೆಲೆಯಲ್ಲಿ ಇವತ್ತಿಗೂ ಹಳೇ ಗುಂಡು ಕಟ್ಟಡ. ಕಲಾಪ ಹೊಸ ಕಟ್ಟಡಕ್ಕೆ ಹೋಗಿದ್ದು 2023ರ ಸೆಪ್ಟೆಂಬರಿನಲ್ಲಿ. ಡಿಟಿಪಿ ಮಾಡುವವರು ಫೈಲ್ ಬದಲಾಯಿಸಿಲ್ಲ, ಆ ಸೋಮಾರಿತನ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಧಿವೇಶನ ಇದ್ದ ತಿಂಗಳು ಮಾತ್ರ ಪುಟ ಗಟ್ಟಿಯಾಗಿರುತ್ತದೆ. ‘ರೈಲ್ವೆ ಸಚಿವರಿಗೆ ಪ್ರಶ್ನೆ’, ‘ಜಲಶಕ್ತಿ ಸಚಿವರಿಗೆ ಪ್ರಶ್ನೆ’ ಅಂತ ದಪ್ಪ ಅಕ್ಷರ, ಪಕ್ಕದಲ್ಲಿ ಅವರು ಎದ್ದು ನಿಂತು ಮಾತಾಡುವ ಚಿತ್ರ. ಓದಿದವರು ಸಚಿವರನ್ನು ಎದುರಿಗೇ ನಿಲ್ಲಿಸಿ ಕೇಳಿದರು ಅಂದುಕೊಳ್ಳುತ್ತಾರೆ. ಹಾಗಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಯನ್ನು ಮಾತ್ರ ಬಾಯಿಮಾತಿನ ಉತ್ತರಕ್ಕೆ ಇಟ್ಟಿರುತ್ತಾರೆ, ಅವಕ್ಕೆ ಚುಕ್ಕೆ ಗುರುತಿನ ಪ್ರಶ್ನೆ ಅಂತ ಹೆಸರು. ಸಾಮಾನ್ಯವಾಗಿ ಅವೂ ಎಲ್ಲ ಮುಗಿಯುವ ಮೊದಲೇ ಹನ್ನೆರಡು ಗಂಟೆ ಹೊಡೆದು ಪ್ರಶ್ನೆಯ ಹೊತ್ತು ಮುಗಿದಿರುತ್ತದೆ. ಉಳಿದ 230 ಪ್ರಶ್ನೆಗೆ ಉತ್ತರ ಕಾಗದದ ಮೇಲೆ. ನಮ್ಮವರದು ಹೆಚ್ಚುಕಡಿಮೆ ಎಲ್ಲವೂ ಕಾಗದದ ಪ್ರಶ್ನೆ. ಅದರಲ್ಲಿ ತಪ್ಪೇನಿಲ್ಲ. ಬರಹದಲ್ಲಿ ಬಂದ ಉತ್ತರ ಸರ್ಕಾರದ ದಾಖಲೆ, ನಾಳೆ ಯಾರಾದರೂ ಎತ್ತಿ ತೋರಿಸಬಹುದು. ನನ್ನ ತಕರಾರು ಏನೆಂದರೆ ಪುಸ್ತಕದಲ್ಲಿ ಪ್ರಶ್ನೆ ಇದೆ, ಉತ್ತರ ಇಲ್ಲ.

ಉತ್ತರ ಸಂಸತ್ತಿನ ವೆಬ್‌ಸೈಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಸದಸ್ಯರ ಹೆಸರು ಹಾಕಿ ಹುಡುಕಿದರೆ ಪಿಡಿಎಫ್ ಬರುತ್ತದೆ, ಇಂಗ್ಲಿಷು ಮತ್ತು ಹಿಂದಿಯಲ್ಲಿ. ಅಂಗಡಿಯಲ್ಲಿ ಕೆಲಸ ಇಲ್ಲದ ಹೊತ್ತು ನಾನು ಅದನ್ನೇ ತೆಗೆದು ಕೂರುತ್ತೇನೆ. ರೈಲ್ವೆ ಉತ್ತರಗಳು ಮಜವಾಗಿರುತ್ತವೆ. ‘ನಮ್ಮ ಸ್ಟೇಷನ್ನಿನಲ್ಲಿ ಆ ಎಕ್ಸ್‌ಪ್ರೆಸ್ ನಿಲ್ಲಿಸುತ್ತೀರಾ’ ಅಂತ ಪ್ರಶ್ನೆ. ನಿಲುಗಡೆ ಕೊಡುವುದು ನಿರಂತರ ಪ್ರಕ್ರಿಯೆ, ಪ್ರಯಾಣಿಕರ ಸಂಖ್ಯೆ ಮತ್ತು ಓಡಾಟದ ಅನುಕೂಲ ನೋಡಿ ತೀರ್ಮಾನ, ಅನ್ನುವುದು ಉತ್ತರದ ತಿರುಳು. ಹೊಸ ಲೈನ್ ಬಗ್ಗೆ ಕೇಳಿದರೆ ಕರ್ನಾಟಕಕ್ಕೆ 2009–14ರಲ್ಲಿ ವರ್ಷಕ್ಕೆ ಸರಾಸರಿ 835 ಕೋಟಿ ಕೊಡುತ್ತಿದ್ದರು, 2025-26ರಲ್ಲಿ 7,564 ಕೋಟಿ ಕೊಟ್ಟಿದ್ದೇವೆ ಅನ್ನುವ ಲೆಕ್ಕ ತಪ್ಪದೆ ಬರುತ್ತದೆ. ಲೆಕ್ಕ ಸರಿ ಇರಬಹುದು. ನಮ್ಮ ಊರಲ್ಲಿ ರೈಲು ನಿಲ್ಲುತ್ತದಾ ಇಲ್ಲವಾ?

ಇದನ್ನು ಹಾಗೇ ಅಚ್ಚು ಹಾಕಿದ್ದರೆ ಎಂಪಿಗೇನೂ ಅವಮಾನ ಇರಲಿಲ್ಲ. ಕೇಳಿದ್ದಾರೆ, ಅಲ್ಲಿಂದ ಜಾರಿಕೆಯ ಉತ್ತರ ಬಂದಿದೆ, ಜನಕ್ಕೆ ಗೊತ್ತಾಗಲಿ. ಬದಲಿಗೆ ಪುಸ್ತಕದಲ್ಲಿ ಪ್ರಶ್ನೆ ಕೇಳಿದ್ದೇ ಕೆಲಸ ಆದಂತೆ ಬರುತ್ತದೆ. ನನ್ನ ಗಿರಾಕಿಯೊಬ್ಬರು, ದಿನಾ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಮೇಷ್ಟ್ರು, ಆ ಪುಟ ನೋಡಿ ‘ಮುಂದಿನ ತಿಂಗಳಿಂದ ಎಕ್ಸ್‌ಪ್ರೆಸ್ ನಿಲ್ಲುತ್ತಂತೆ ಕಣಮ್ಮ’ ಅಂತ ಖುಷಿಯಲ್ಲಿ ಹೇಳಿಕೊಂಡು ಹೋದರು. ಈಗಲೂ ಬಸ್ಸಿನಲ್ಲೇ ಹೋಗುತ್ತಿದ್ದಾರೆ.

ಒಂದು ಸಲ ಮಾತ್ರ ಶೂನ್ಯವೇಳೆಯಲ್ಲಿ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತಿನಲ್ಲಿ, ಎಂಪಿ ನಿಜವಾಗಿಯೂ ಎದ್ದು ಮಾತಾಡಿದರು. ಬೈಪಾಸಿನಲ್ಲಿ ಮಕ್ಕಳು ಶಾಲೆಗೆ ದಾಟುವ ಜಾಗದಲ್ಲಿ ಅಂಡರ್‌ಪಾಸ್ ಬೇಕು ಅಂತ. ಹಳ್ಳಿ ಹೆಸರು, ಅಲ್ಲಿ ಆದ ಅಪಘಾತ ಎಲ್ಲ ಸರಿಯಾಗಿ ಹೇಳಿದರು. ಅಂಗಡಿಯಲ್ಲಿದ್ದವರಿಗೆಲ್ಲ ಸಂಸದ್ ಟಿವಿಯ ವಿಡಿಯೋ ತೋರಿಸಿದೆ. ಹಿಂದಿಯಲ್ಲಿ ತಡವರಿಸುತ್ತಾ ಮಾತಾಡಿದ್ದು ಯಾಕೆ ಅಂತ ಮಾತ್ರ ಅರ್ಥವಾಗಲಿಲ್ಲ. ಸದನದಲ್ಲಿ ಕನ್ನಡದಿಂದ ಅನುವಾದ ಮಾಡುವ ವ್ಯವಸ್ಥೆ ಇದೆ. ಪ್ರಚಾರದಲ್ಲಿ ಅಷ್ಟು ಚೆನ್ನಾಗಿ ಕನ್ನಡ ಮಾತಾಡುವವರು ಅಲ್ಲೂ ಮಾತಾಡಬಹುದಲ್ವಾ? ಇರಲಿ. ಮುಂದಿನ ತಿಂಗಳ ಪುಸ್ತಕದಲ್ಲಿ ಆ ಅಂಡರ್‌ಪಾಸ್ ಸುದ್ದಿಯೇ ಇಲ್ಲ. ಕೇಳಿದಾಗ ಪಿಎ ಹೇಳಿದರು, ‘ಸಚಿವಾಲಯದಿಂದ ಪತ್ರ ಬಂದಿದೆ ಮೇಡಂ, ಪರಿಶೀಲಿಸುತ್ತೇವೆ ಅಂದಿದ್ದಾರೆ, ಫೈಲಲ್ಲಿದೆ.’ ಹದಿನಾರು ಪುಟದಲ್ಲಿ ಜನ ನಿಜವಾಗಿ ಓದುತ್ತಿದ್ದ ಕಾಗದ ಅದೊಂದೇ. ಅದು ಬೀರುವಿನಲ್ಲಿದೆ.

ಕ್ಷೇತ್ರದ ಕೆಲಸದ ಪುಟಗಳಿಗೆ ಬಂದರೆ ಸಂಸದರ ನಿಧಿಯದ್ದೇ ಕಾರುಬಾರು. 1993ರಲ್ಲಿ ಶುರುವಾದ ಯೋಜನೆ, 2011-12ರಿಂದ ಒಬ್ಬರಿಗೆ ವರ್ಷಕ್ಕೆ ಐದು ಕೋಟಿ. ಕೇಳಲು ದೊಡ್ಡ ಮೊತ್ತ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ ಅರವತ್ತೆರಡೂವರೆ ಲಕ್ಷ. ಒಂದು ಸಮುದಾಯ ಭವನ, ಎರಡು ಬೋರ್‌ವೆಲ್, ನಾಲ್ಕು ಹೈಮಾಸ್ಟ್ ದೀಪಕ್ಕೇ ದೊಡ್ಡ ಪಾಲು ಹೋಗುತ್ತದೆ. ಅದೂ ಎಂಪಿ ಶಿಫಾರಸು ಮಾಡುತ್ತಾರೆ ಅಷ್ಟೇ, ಮಂಜೂರು ಮಾಡಿ ಕೆಲಸ ಮಾಡಿಸುವುದು ಜಿಲ್ಲಾಡಳಿತ. ಪುಸ್ತಕದಲ್ಲಿ ಎಲ್ಲವೂ ‘ಸಂಸದರ ಕೊಡುಗೆ’. ಕೊಡುಗೆ ಯಾರದು ಸ್ವಾಮಿ, ನಮ್ಮ ತೆರಿಗೆಯದ್ದೇ ತಾನೇ.

ನನ್ನ ತವರೂರಿನ ದಾರಿಯಲ್ಲಿ ಹಾಗೆ ಕಟ್ಟಿದ ಒಂದು ಬಸ್ ತಂಗುದಾಣ ಇದೆ. ಪುಸ್ತಕದಲ್ಲಿ ಅರ್ಧ ಪುಟದ ಫೋಟೋ ಬಂದಿತ್ತು. ಸ್ಟೀಲ್ ಬೆಂಚು, ಮೇಲೆ ಶೀಟು, ಎದುರಿಗೆ ಎಂಪಿಯವರ ಆಳೆತ್ತರದ ಚಿತ್ರ. ಊರ ಹೆಸರು ಮಾತ್ರ ಮೂಲೆಯಲ್ಲಿ ಅಂಗೈಯಷ್ಟು. ಹೋಗಿ ನೋಡಿದರೆ ಅಲ್ಲಿ ಒಬ್ಬರೂ ಕೂತಿಲ್ಲ. ಎಲ್ಲ ಸ್ವಲ್ಪ ಮುಂದೆ ಅರಳಿಕಟ್ಟೆ ಮೇಲೆ ಕೂತಿದ್ದಾರೆ, ಯಾಕೆಂದರೆ ಡ್ರೈವರ್ ನಿಲ್ಲಿಸುವುದು ಅಲ್ಲೇ. ತಂಗುದಾಣದಲ್ಲಿ ಕೂತರೆ ತಿರುವಿನಿಂದ ಬರುವ ಬಸ್ಸು ಕಾಣುವುದಿಲ್ಲ. ಜಾಗ ಗುರುತು ಮಾಡುವಾಗ ಒಬ್ಬ ಕಂಡಕ್ಟರನ್ನು ಕೇಳಿದ್ದರೆ ಸಾಕಿತ್ತು. ಬೆಂಚಿನ ಮೇಲೆ ಯಾರೋ ಶೇಂಗಾ ಒಣಹಾಕಿದ್ದರು. ಆ ಮಟ್ಟಿಗೆ ಉಪಯೋಗ ಇದೆ.

ದಿಶಾ ಸಭೆ ಬಗ್ಗೆ ಎರಡು ಮಾತು. ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆಯುತ್ತಿವೆ ಅಂತ ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳುವ ಸಭೆ ಇದು, ಎಂಪಿ ಅದರ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ಆಗಬೇಕು. ನನ್ನ ಲೆಕ್ಕದಲ್ಲಿ ಎಂಪಿಯ ಕೈಗೆ ನಿಜವಾದ ಬಲ ಸಿಗುವುದು ಅಲ್ಲಿ, ಗುದ್ದಲಿ ಪೂಜೆಯಲ್ಲಲ್ಲ. ಜಲಜೀವನ್ ಪೈಪಿಗೆ ಅಂತ ಅಗೆದ ನಮ್ಮ ರಸ್ತೆ ಇನ್ನೂ ಹಾಗೇ ಬಿದ್ದಿದೆ. ಸಭೆಯಲ್ಲಿ ಆ ಮಾತು ಬಂತಂತೆ. ಪುಸ್ತಕದಲ್ಲಿ ‘ಅಧಿಕಾರಿಗಳಿಗೆ ತರಾಟೆ’ ಅಂತ ತಲೆಬರಹ, ಬೆರಳು ತೋರಿಸುವ ಫೋಟೋ. ಯಾವ ಅಧಿಕಾರಿ, ಯಾವ ತಾರೀಖಿನೊಳಗೆ ಮುಗಿಸುತ್ತೇನೆ ಅಂದರು, ಅದಿಲ್ಲ.

ಇದನ್ನೆಲ್ಲ ಪಿಎಗೆ ಹೇಳಿದ್ದೇನೆ. ಹದಿನಾರು ಪುಟ ಬೇಡ, ಕಪ್ಪು ಬಿಳುಪಿನ ಎರಡು ಹಾಳೆ ಸಾಕು, ನಾನೇ ಕಡಿಮೆ ರೇಟಿಗೆ ಮಾಡಿಕೊಡುತ್ತೇನೆ ಅಂದೆ. ಹೋದ ತಿಂಗಳು ಕೇಳಿದ್ದಕ್ಕೆ ಏನುತ್ತರ ಬಂತು, ಕೊಟ್ಟ ಪತ್ರಗಳು ಎಲ್ಲಿಗೆ ಮುಟ್ಟಿದವು, ಇಷ್ಟು ಬರೆಯಿರಿ. ಅವರು ನಕ್ಕರು. ‘ಎರಡು ಹಾಳೆಯಲ್ಲಿ ಸಾಹೇಬ್ರ ಫೋಟೋ ಎಲ್ಲಿ ಹಾಕೋದು ಅಕ್ಕಾ?’ ಸ್ವೀಕೃತಿ ನಂಬರಿನ ಮಾತಿಗೆ ಮಾತ್ರ ತಲೆಯಾಡಿಸಿದ್ದಾರೆ. ಒಂದು ದಪ್ಪ ರಿಜಿಸ್ಟರ್ ನನ್ನ ಅಂಗಡಿಯಿಂದಲೇ ಹೋಗಿದೆ, ದುಡ್ಡು ಬರಬೇಕು.

ಕಚೇರಿಗೆ ಹೋಗುವವರಿಗೆ ಇಷ್ಟು ಗೊತ್ತಿರಲಿ. ಸೋಮವಾರ ರಶ್ಶು, ಬುಧವಾರ ಗುರುವಾರ ಆರಾಮ. ಚಿಕಿತ್ಸೆಯ ಪತ್ರಕ್ಕೆ ಹೋಗುವ ಮೊದಲು ಆಸ್ಪತ್ರೆಯ ಅಂದಾಜು ಪತ್ರದ ಒರಿಜಿನಲ್ಲಿನಲ್ಲಿ ಸಹಿ, ಸೀಲು ಎರಡೂ ಇದೆಯಾ ನೋಡಿಕೊಳ್ಳಿ. ರೈಲಿನ ಕೋಟಾಕ್ಕೆ ವೇಟಿಂಗ್ ಲಿಸ್ಟ್ ಟಿಕೆಟ್ ಮೊದಲೇ ನಿಮ್ಮ ಕೈಯಲ್ಲಿರಬೇಕು, ಪಿಎನ್‌ಆರ್ ನಂಬರ್ ಇಲ್ಲದೆ ಪತ್ರ ಆಗುವುದಿಲ್ಲ. ರೈಲು ಹೊರಡುವ ದಿನ ಬೆಳಿಗ್ಗೆ ಓಡಿಬಂದು ಟೈಪಿಸ್ಟ್ ಹುಡುಗನ ಮೇಲೆ ಕೂಗಾಡಬೇಡಿ, ಆ ಪತ್ರ ರೈಲ್ವೆಯವರಿಗೆ ಹಿಂದಿನ ದಿನವೇ ತಲುಪಿರಬೇಕು. ಎಲ್ಲದರ ಎರಡೆರಡು ಕಾಪಿ ಇಟ್ಟುಕೊಳ್ಳಿ. ಕಚೇರಿಯಲ್ಲೂ ಜೆರಾಕ್ಸ್ ಮಷೀನ್ ಒಂದಿದೆ, ಆದರೆ ಅದರ ಟೋನರ್ ಯಾವಾಗಲೂ ಮುಗಿದಿರುತ್ತದೆ.