ಕಾಂಟ್ರಾಕ್ಟ್ ಕರೆಯುವಾಗ ವಿಳಾಸ ಕೊಡೋದು: ವೆಬ್3.ಜೆಎಸ್‌ನಲ್ಲಾ, ಈಥರ್ಸ್‌ನಲ್ಲಾ?

ಎಥೀರಿಯಂ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ ಅಂದರೆ ಕಾಂಟ್ರಾಕ್ಟ್. ಅದರ ಫಂಕ್ಷನ್ ಕರೆಯುವವರು ಯಾರು ಅನ್ನೋದನ್ನು ವೆಬ್3.ಜೆಎಸ್, ಈಥರ್ಸ್ ಎಂಬ ಈ ಎರಡು ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಬೇರೆ ಬೇರೆ ರೀತಿ ಕೇಳುತ್ತವೆ.

ವೆಬ್3.ಜೆಎಸ್‌ನಲ್ಲಿ ಕಾಲ್ (ಬರೀ ಓದುವ ಕರೆ) ಅಥವಾ ಸೆಂಡ್ (ಟ್ರಾನ್ಸಾಕ್ಷನ್ ಕಳಿಸುವ ಕರೆ) ಒಳಗೆ 'ಫ್ರಮ್' ಅಂತ ವಿಳಾಸ ಬರೆಯುತ್ತೀರಿ. ಓದಿದ ಕೂಡಲೇ ಅರ್ಥವಾಗುತ್ತದೆ. ಆದರೆ ಸೆಂಡ್‌ಗೆ ವಿಳಾಸವೊಂದೇ ಸಾಲದು. ಅದರ ಪ್ರೈವೇಟ್ ಕೀ (ಸಹಿ ಹಾಕುವ ಗುಪ್ತ ಕೀಲಿ) ಮೆಟಾಮಾಸ್ಕ್ ಎಂಬ ವಾಲೆಟ್‌ನಲ್ಲೋ, ನೀವು ಸಂಪರ್ಕಿಸುವ ಎಥೀರಿಯಂ ನೋಡ್‌ನಲ್ಲೋ, ಲೈಬ್ರರಿಯ ವಾಲೆಟ್‌ನಲ್ಲೋ ಇರಲೇಬೇಕು. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

ಈಥರ್ಸ್‌ನಲ್ಲಿ ವಿಳಾಸದ ಬದಲು ಸೈನರ್, ಅಂದರೆ ಆ ವಿಳಾಸದ ಪರವಾಗಿ ಸಹಿ ಹಾಕುವ ಆಬ್ಜೆಕ್ಟ್, ಕೊಡುತ್ತೀರಿ. ಕಾಂಟ್ರಾಕ್ಟನ್ನು ಸೈನರ್‌ಗೆ ಕನೆಕ್ಟ್ ಮಾಡಿದರೆ ಸಾಕು, ವಿಳಾಸ ಅದರಿಂದಲೇ ಬರುತ್ತದೆ. 'ಫ್ರಮ್'ನಲ್ಲಿ ಸೈನರ್‌ನದ್ದಲ್ಲದ ವಿಳಾಸ ಕೊಟ್ಟರೆ ಟ್ರಾನ್ಸಾಕ್ಷನ್ ಹೊರಡುವ ಮೊದಲೇ ಎರರ್. ಈ ಕಟ್ಟುನಿಟ್ಟು ನನಗೆ ತುಂಬಾ ಇಷ್ಟ. ಈಥರ್ಸ್ 6ನೇ ಆವೃತ್ತಿಯಲ್ಲಿ ಸೈನರ್ ತಂದುಕೊಡುವ ಗೆಟ್‌ಸೈನರ್ ಮುಂದೆ ಅವೇಟ್ ಮರೆಯಬೇಡಿ.

ಬರೀ ಓದುವ ಕರೆಯಲ್ಲಿ ಸಹಿಯೇ ಇಲ್ಲ, ಹಾಗಾಗಿ ಯಾರ ವಿಳಾಸ ಬೇಕಾದರೂ ಹಾಕಬಹುದು. ಈಥರ್ಸ್‌ನಲ್ಲೂ ಸೈನರ್ ಬದಲು ಪ್ರೊವೈಡರ್ (ಬ್ಲಾಕ್‌ಚೈನ್ ಓದಲು ಬೇಕಾದ ಸಂಪರ್ಕ) ಮೂಲಕ ಇದು ಸಾಧ್ಯ. ಹಾಗಾಗಿ ಕಾಂಟ್ರಾಕ್ಟಿನ ವ್ಯೂ ಫಂಕ್ಷನ್‌ನಲ್ಲಿ (ಬರೀ ಓದುವ ಫಂಕ್ಷನ್) ಕರೆದವರ ವಿಳಾಸ ನೋಡಿ ಗುಟ್ಟು ಕಾಪಾಡಬಹುದು ಅಂದುಕೊಳ್ಳಬೇಡಿ, ಅದು ರಕ್ಷಣೆಯೇ ಅಲ್ಲ.

ವೆಬ್3.ಜೆಎಸ್‌ನ ನಿರ್ವಹಣೆ 2025ರ ಮಾರ್ಚ್‌ನಲ್ಲಿ ನಿಂತುಹೋಗಿದೆ. ಹಳೆಯ ಕೋಡ್ ನೋಡಿಕೊಳ್ಳುವವರು ಅದರಲ್ಲೇ ಇರಲಿ, ಹೊಸ ಕೆಲಸಕ್ಕೆ ಈಥರ್ಸ್ ಹಿಡಿಯಿರಿ.