ಫೋನ್ ನಕ್ಷೆಯ ಕನ್ನಡ ದನಿ: ಹೆದ್ದಾರಿಗೆ ಸೈ, ಅಗಸಿಯ ಒಳಗೆ ಅಲ್ಲ

ಫೋನಿನ ನಕ್ಷೆಯಲ್ಲಿ ದಾರಿ ಹೇಳುವ ದನಿಯನ್ನು ಕನ್ನಡಕ್ಕೆ ಇಟ್ಟುಕೊಂಡು ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಓಡಾಡಿದರೆ ಊರಿಂದ ಊರಿಗೆ ಮುಟ್ಟುವುದು ಸುಲಭ. ತಿರುವು ಬರುವ ಮೊದಲೇ ಹೇಳುತ್ತದೆ, ತಪ್ಪಿದರೆ ಹೊಸ ದಾರಿ ಹುಡುಕಿಕೊಡುತ್ತದೆ. ಹೆದ್ದಾರಿಯ ಮಟ್ಟಿಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಕೊನೆಯ ಎರಡು ಕಿಲೋಮೀಟರಿಗೆ ಎರಡರ ಮೇಲೆ ಕೊಡಲಾಗದು. ಅಲ್ಲಿ ಕೆಡುವುದು ನಕ್ಷೆಗಿಂತ ಹೆಚ್ಚಾಗಿ ಮಾತು. ದನಿ ಹೇಳುವ ಕನ್ನಡ ಒಂದು, ಅಗಸಿ (ಊರಬಾಗಿಲು) ಕಟ್ಟಿ ಮೇಲೆ ಕೂತವರು ಹೇಳುವ ಕನ್ನಡ ಇನ್ನೊಂದು.

ಹೊರಡುವಾಗಲೇ ಮೊದಲ ತೊಡಕು. ಗಾಡಿ ನಿಂತಿದ್ದಾಗ ಅದರ ಮುಖ ಯಾವ ಕಡೆಗಿದೆ ಎಂದು ಫೋನಿಗೆ ಸರಿಯಾಗಿ ತಿಳಿಯದು. ಹಾಗಾಗಿ ಎಡ, ಬಲ ಬಿಟ್ಟು ಈಶಾನ್ಯಕ್ಕೆ ಸಾಗಿ, ನೈಋತ್ಯಕ್ಕೆ ಸಾಗಿ ಎಂದು ಶುರುಮಾಡುತ್ತದೆ. ಈ ಸೀಮೆಯ ಮಾತಿನಲ್ಲಿ ಈಶಾನ್ಯ ಎಂದರೆ ದೇವರ ಕೋಣೆಯ ಮೂಲೆ, ಇಲ್ಲವೇ ಬೋರ್‌ವೆಲ್ ಕೊರೆಸುವ ಜಾಗ. ಮನೆಗೆ ‘ಮೂಡಲ ಬಾಗಲ’ ಅನ್ನುತ್ತಾರೆ, ಹೊಲ ಬರೆಸುವಾಗ ಚೆಕ್ಕುಬಂದಿಯಲ್ಲಿ (ನಾಲ್ಕೂ ಕಡೆಯ ಗಡಿ ವಿವರ) ಪೂರ್ವ, ಪಶ್ಚಿಮ ಬರೆಸುತ್ತಾರೆ. ರಸ್ತೆ ಹೇಳುವಾಗ ಮಾತ್ರ ಯಾರೂ ದಿಕ್ಕಿನ ಹೆಸರು ಎತ್ತುವುದಿಲ್ಲ. ಇದಕ್ಕೆ ಪರಿಹಾರ ಸರಳ: ಯಾವ ಕಡೆಗಾದರೂ ಮೂವತ್ತು ಮೀಟರ್ ಗಾಡಿ ಓಡಿಸಿ, ಪರದೆಯ ಬಾಣ ತಿರುಗುವುದನ್ನು ನೋಡಿ, ಆಮೇಲೆ ದನಿಯ ಮಾತು ಕೇಳಿ.

ಎಡ-ಬಲದ ಗೊಂದಲ ಇದಕ್ಕಿಂತ ದೊಡ್ಡದು. ದನಿಗೆ ಎಡ ಎಂದರೆ ಗಾಡಿಯ ಎಡ, ಗಾಡಿ ತಿರುಗಿದರೆ ಅದೂ ತಿರುಗುತ್ತದೆ. ತುಂಗಭದ್ರಾ ನೀರಿನ ಸೀಮೆಯಲ್ಲಿ ಇನ್ನೊಂದು ಎಡ ಇದೆ, ಅದು ಅಲುಗಾಡುವುದಿಲ್ಲ. ನದಿ ಹರಿಯುವ ಕಡೆ ಮುಖ ಮಾಡಿ ನಿಂತರೆ ಯಾವ ಕೈಗೆ ಬರುತ್ತದೋ ಆ ದಂಡೆಗೆ ಆ ಹೆಸರು. ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರು ಕಡೆಗೆ ಹೋಗುವ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ದಾರಿಯುದ್ದಕ್ಕೂ ಅದು ನಿಮ್ಮ ಬಲಗೈಗೂ ಸಿಗಬಹುದು, ಆಗಲೂ ಅದು ಎಡದಂಡೆಯೇ. ‘ಎಡದಂಡಿ ಕಡಿ ಹೋಗ್ರಿ’ ಎಂದು ಯಾರಾದರೂ ಅಂದರೆ ಸ್ಟೀರಿಂಗ್ ಎಡಕ್ಕೆ ಎಳೆಯಬೇಡಿ, ಕಾಲುವೆ ಎಲ್ಲಿದೆ ಎಂದು ಕೇಳಿ.

ಮ್ಯಾಲ, ತೆಳಗ ಅನ್ನುವುದೂ ಹಾಗೆಯೇ. ಕಾಲುವೆ ಸೀಮೆಯಲ್ಲಿ ಮ್ಯಾಲ ಎಂದರೆ ನೀರು ಬರುವ ಕಡೆ, ತೆಳಗ ಎಂದರೆ ನೀರು ಹೋಗುವ ಕಡೆ. ನೀರಿಗಾಗಿ ಕಾಯುವ ಕೊನೆ ಭಾಗದ ರೈತರಿಗೆ ಈ ಮಾತು ಬದುಕಿನ ಮಾತು. ಕಾಲುವೆಯ ಮೇಲೆ ಜಾಗ ಗುರುತಿಸುವುದೂ ಮೈಲಿನಿಂದಲೇ: 69ನೇ ಮೈಲ್, 104ನೇ ಮೈಲ್ ಎಂದರೆ ರಾಯಚೂರು ಜಿಲ್ಲೆಯ ರೈತರಿಗೆ ಬೇರೆ ವಿವರಣೆ ಬೇಡ. ಬಳ್ಳಾರಿ ಕೋಟೆಯ ಕಡೆ ಮೇಲೆ, ಕೆಳಗೆ ಅಂದರೆ ನೀರಿನ ಮಾತಲ್ಲ, ಗುಡ್ಡದ ಏರು-ಇಳಿಜಾರಿನದು. ನಕ್ಷೆಯ ದನಿಗೆ ಇವೆರಡೂ ಇಲ್ಲ. ಪರದೆಯಲ್ಲಿ ಮೇಲೆ ಎಂದರೆ ಉತ್ತರ, ಇಲ್ಲವೇ ಗಾಡಿಯ ಮುಂದಿನ ದಿಕ್ಕು. ಆದ್ದರಿಂದ ‘ಮ್ಯಾಲ ಹೋಗ್ರಿ’ ಅಂದವರ ಮಾತನ್ನು ಪರದೆಯ ಮೇಲೆ ಹೊಂದಿಸಲು ಹೋಗಬಾರದು.

ಕ್ರಿಯಾಪದಗಳಲ್ಲಿ ಹೆಚ್ಚು ತಪ್ಪಿಸುವುದು ‘ಹೊಳ್ಳು’. ‘ಎಡಕ್ಕ ಹೊಳ್ರಿ’ ಎಂದರೆ ತಿರುಗಿ, ‘ಹೊಳ್ಳಿ ಹೋಗ್ರಿ’ ಎಂದರೆ ಬಂದ ದಾರಿಯಲ್ಲೇ ವಾಪಸ್. ಮೈಸೂರು ಕಡೆಯಿಂದ ಬಂದವರು ಎರಡನ್ನೂ ಒಂದೇ ಅಂದುಕೊಂಡು ಎರಡು ಕಿಲೋಮೀಟರ್ ಸುಮ್ಮನೆ ಓಡಿಸುತ್ತಾರೆ. ‘ಕುಷ್ಟಗಿ ಹಾಯ್ದು’ ಎಂದರೆ ಕುಷ್ಟಗಿ ಮಾರ್ಗವಾಗಿ. ಮಗ್ಗಲ, ಬಾಜೂಕ ಎಂದರೆ ಪಕ್ಕದಲ್ಲಿ. ಸೀದಾ ಎಂದರೆ ನೇರ, ಆದರೆ ರಸ್ತೆಯೇ ಬಾಗಿದರೆ ಅದರ ಜೊತೆ ಬಾಗಬೇಕು, ಕವಲು ಬಂದರೂ ಆ ರಸ್ತೆಯನ್ನು ಬಿಡಬಾರದು.

ದೂರದ ಲೆಕ್ಕದಲ್ಲಿ ದನಿ ಬಳಸುವ ‘200 ಮೀಟರ್‌ಗಳಲ್ಲಿ’ ಎಂಬುದು ಕನ್ನಡದ ಕಿವಿಗೆ ಒಗ್ಗದು. ‘200 ಮೀಟರ್ ಮುಂದೆ’ ಅಂದಿದ್ದರೆ ಮುಗಿಯುತ್ತಿತ್ತು. ಹಳಬರು ಹೇಳುವ ಒಂದು ಫರ್ಲಾಂಗು ಹೆಚ್ಚುಕಡಿಮೆ ಇಷ್ಟೇ, 201 ಮೀಟರ್.

ಹೆಸರುಗಳಲ್ಲಿ ದನಿ ನಿಜಕ್ಕೂ ನೋಯಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಊರ ಹೆಸರನ್ನು ಓದುವಾಗ ಲ-ಳ, ನ-ಣ ಒಂದಾಗುತ್ತವೆ, ಹಳ್ಳಿ ಹಲ್ಲಿಯಾಗುತ್ತದೆ. ಊರಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಟೈಪಿಸಿ ಹುಡುಕಿ, ತಾಲೂಕನ್ನೂ ಸೇರಿಸಿ. ಗಂಗಾವತಿ ಕಡೆ ಹಿರೇಬೆಣಕಲ್, ಚಿಕ್ಕಬೆಣಕಲ್ ಎರಡೂ ಇವೆ, ಬರೀ ಬೆಣಕಲ್ ಎಂದರೆ ಹಿರೇಬೆಣಕಲ್ಲಿನ ಶಿಲಾಸಮಾಧಿ ನೋಡಲು ಹೊರಟವರು ಬೇರೆ ಊರಿಗೆ ಹೋಗುತ್ತಾರೆ. ಬಳ್ಳಾರಿಯಲ್ಲಿ ಗಡಿಗಿ ಚನ್ನಪ್ಪ ವೃತ್ತ ಎಂದು ಕೇಳಿದರೆ ಕೆಲವರು ಯೋಚಿಸುತ್ತಾರೆ, ರಾಯಲ್ ಸರ್ಕಲ್ ಅಂದರೆ ಕೈ ತೋರಿಸುತ್ತಾರೆ. ರಾಯಚೂರಿನ ತೀನ್ ಕಂದೀಲಿನಲ್ಲಿ ಕಂದೀಲು ಹುಡುಕಬೇಡಿ, ಅದು ಜಾಗದ ಹೆಸರು. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರು. ದರ್ವಾಜಾ, ಗಲ್ಲಿ, ಚೌಕ ಎಂಬ ಮಾತುಗಳು ಅಲ್ಲಿ ಕನ್ನಡದವೇ ಆಗಿವೆ.

ಇನ್ನೆರಡು ಎಚ್ಚರಿಕೆ. ಹೆದ್ದಾರಿಯ ಪಕ್ಕದ ಸರ್ವಿಸ್ ರೋಡ್ ಮತ್ತು ಮುಖ್ಯ ರಸ್ತೆ ನಡುವೆ ಕೆಲವೇ ಮೀಟರ್ ಅಂತರ, ಫೋನಿನ ಜಿಪಿಎಸ್ ಬಯಲಿನಲ್ಲೇ ಐದಾರು ಮೀಟರ್ ತಪ್ಪುತ್ತದೆ. ಹಾಗಾಗಿ ನೀವು ಯಾವುದರ ಮೇಲಿದ್ದೀರಿ ಎಂದು ಅದಕ್ಕೆ ಗೊತ್ತಾಗದು, ಫಲಕ ನೋಡಿ ಇಳಿಯಿರಿ. ಮಳೆ ಬಿದ್ದ ಮೇಲೆ ಹತ್ತಿರದ ದಾರಿ ಎಂದು ಕಾಲುವೆ ಏರಿ ಅಥವಾ ಎರಿ (ಕಪ್ಪು ಮಣ್ಣಿನ) ಹೊಲದ ಬಂಡಿ ದಾರಿ ತೋರಿಸಿದರೆ ಬಿಟ್ಟುಬಿಡಿ. ಎರಿ ಮಣ್ಣು ಚಕ್ರಕ್ಕೆ ಮೆತ್ತಿ ಮಡ್‌ಗಾರ್ಡ್ ಒಳಗೆ ತುಂಬಿಕೊಂಡರೆ ಬೈಕು ಹಿಂದಕ್ಕೂ ಬಾರದು.

ಊರಿಗೆ ಯಾರನ್ನಾದರೂ ಕರೆಸುವವರು, ಅದರಲ್ಲೂ 108ಕ್ಕೆ ಫೋನ್ ಮಾಡುವವರು, ಮೊದಲು ಊರು, ತಾಲೂಕು, ಯಾವ ರಸ್ತೆಯ ಯಾವ ಕ್ರಾಸ್ ಎಂದು ಹೇಳಬೇಕು. ಹಿರೇ, ಚಿಕ್ಕ ಬಿಡಬಾರದು. ಕ್ಯಾಂಪ್ ಆದರೆ ಅದರ ನಂಬರೂ ಬೇಕು, ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಗೆ ಇದಿಲ್ಲದೆ ದಾರಿಯೇ ಇಲ್ಲ. ಆಮೇಲೆ ದೂರದಿಂದ ಕಾಣುವ ಒಂದು ಗುರುತು: ನೀರಿನ ಟ್ಯಾಂಕು, ಅಗಸಿ, ಗುಡಿ. ಎಡಕ್ಕ, ಬಲಕ್ಕ ಅನ್ನುವುದಕ್ಕೆ ಮುಂಚೆ ‘ಯಾ ಕಡಿಯಿಂದ ಬರಾಕತ್ತೀರಿ?’ ಎಂದು ಕೇಳಿ. ಕುಷ್ಟಗಿ ಕಡೆಯಿಂದ ಬರುವವರಿಗೆ ಎಡಕ್ಕೆ ಸಿಗುವ ಗುಡಿ ಹೊಸಪೇಟೆ ಕಡೆಯಿಂದ ಬರುವವರಿಗೆ ಬಲಕ್ಕೆ ಸಿಗುತ್ತದೆ.