ಮಂಡಗದ್ದೆ ಪಕ್ಷಿಧಾಮ: ನೈಟ್ ಡ್ಯೂಟಿ ಮಾಡೋ ಡಾಕ್ಟ್ರುಗಳು ಹೋಗ್ಲೇಬೇಕಾದ ಜಾಗ

5ಕ್ಕೆ 5. ಶಿವಮೊಗ್ಗದಿಂದ ತೀರ್ಥಹಳ್ಳಿ ರೋಡಲ್ಲಿ ಸುಮಾರು 30 ಕಿಲೋಮೀಟರ್, ತುಂಗೆ ನಡುವೆ ಪುಟ್ಟ ನಡುಗಡ್ಡೆ, ಮಳೆಗಾಲದಲ್ಲಿ ಮರದ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು. ನಾನು ಡಾಕ್ಟ್ರು, ಒಂದು ವಾರ ಸತತ ನೈಟ್ ಡ್ಯೂಟಿ ಮಾಡಿ ಪೇಷೆಂಟ್ ಹೇಳೋದು ಕಿವಿಗೆ ಬಿದ್ರೂ ತಲೆಗೆ ಹೋಗ್ತಿರ್ಲಿಲ್ಲ, ಆ ಭಾನುವಾರ ಇಲ್ಲಿ ನಿಂತು ನೀರುಕಾಗೆ ಮರಿ ತಾಯಿ ಗಂಟಲೊಳಗೆ ತಲೆ ತೂರಿಸಿ ಮೀನು ಎಳ್ಕೊಳ್ಳೋದನ್ನ ನೋಡ್ತಾ ಎರಡು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ. ಕೆಲಸದಲ್ಲಿ ಮನಸ್ಸು ಎಷ್ಟಿದೆ ಅನ್ನೋದನ್ನ ಮನಶ್ಶಾಸ್ತ್ರದವ್ರು ಹುರುಪು, ನಿಷ್ಠೆ, ತಲ್ಲೀನತೆ ಅಂತ ಮೂರರಲ್ಲಿ ಅಳೀತಾರೆ, ಫೋನ್ ನೋಡ್ಕೊಂಡು ಮಲಗಿದ್ರೆ ನಂಗೆ ಮೂರೂ ವಾಪಸ್ ಬರಲ್ಲ, ಇಲ್ಲಿ ಬಂದ್ರೆ ಬರತ್ತೆ. ಸೋಮವಾರ ಓಪಿಡಿಲಿ ಒಬ್ರು ಅಜ್ಜಿ ಮಂಡಿನೋವಿನ ಕಥೆ ಪೂರ್ತಿ ಕೂತು ಕೇಳ್ದೆ. ಮಳೆಗಾಲದಲ್ಲೇ ಹೋಗಿ, ಬೆಳಿಗ್ಗೆ ಬೇಗ, ಬೈನಾಕ್ಯುಲರ್ ಮತ್ತೆ ಕೊಡೆ ಮರೀಬೇಡಿ.